ಲ್ಯಾಬಲ್ಲಿ ಬೆಳೆಸಿದ ಡಿಸ್ಕ್ ನಮ್ಮ ಬೆನ್ನಿಗೆ ಯಾವಾಗ? – ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೆನ್ನಿನ ಬಗ್ಗೆನೇ ಇದಾವೆ. ಕಾಫಿ ಕುಯ್ಲು ಮುಗೀತಾ ಬಂದಿರೋ ಹೊತ್ತು, ಹಾಸನ ಚಿಕ್ಕಮಗಳೂರು ಕಡೆ ಸೊಂಟ ಹಿಡ್ಕೊಂಡಿಲ್ಲ ಅನ್ನೋರೇ ಕಮ್ಮಿ, ಅದೊಂದು ಕಾರಣ. ಇನ್ನೊಂದು, ವಾಟ್ಸಾಪಲ್ಲಿ ಓಡಾಡ್ತಿರೋ "ಲ್ಯಾಬಲ್ಲಿ ಹೊಸ ಡಿಸ್ಕ್ ಬೆಳೆಸಿದ್ರಂತೆ, ಇನ್ಮೇಲೆ ಆಪರೇಷನ್ನೇ ಬೇಡ" ಅನ್ನೋ ವಿಡಿಯೋ. ಅದನ್ನ ನೋಡಿ ಬರೆದೋರನ್ನೇ ಮೊದಲು ತಗೊಂಡಿದೀನಿ. ಮಂಡಿನೋವಿನೋರು ಮುಂದಿನ ಸಂಚಿಕೆ ತನಕ ಸ್ವಲ್ಪ ತಾಳ್ಕೊಳ್ಳಿ.

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ಮೂಡಿಗೆರೆ ಹತ್ರ ಎಸ್ಟೇಟಲ್ಲಿ ರೈಟರ್ ಆಗಿದೀನಿ, ವಯಸ್ಸು 41. ಕುಯ್ಲಲ್ಲಿ ಆಳು ಸಾಲ್ದೆ ನಾನೇ ನಾಕೈದು ಚೀಲ ಎತ್ತಿ ಪಿಕಪ್‌ಗೆ ಹಾಕ್ದೆ, ಮಾರನೇ ದಿನದಿಂದ ಸೊಂಟ ಬಗ್ಸಕ್ಕಾಗ್ತಿಲ್ಲ. ಎಂಆರ್‌ಐ ಮಾಡ್ಸಿದ್ರೆ "ಎಲ್ 4–ಎಲ್ 5 ಡಿಸ್ಕ್ ಡೀಜನರೇಷನ್, ಬಲ್ಜ್" ಅಂತ ಬಂತು. ಡಿಸ್ಕ್ ಒಣಗೋಗಿದೆ ಅಂದ್ರು. ಕಾಲಿಗೆ ನೋವು ಇಳಿದಿಲ್ಲ, ಬರೀ ಸೊಂಟ. ಆ ಲ್ಯಾಬ್ ಡಿಸ್ಕ್ ನನಗೆ ಹಾಕ್ಸಕ್ಕಾಗುತ್ತಾ, ಎಷ್ಟು ಖರ್ಚು ಬರುತ್ತೆ?

ಉತ್ತರ: ಹಾಕ್ಸಕ್ಕಾಗಲ್ಲ. ಬೆಂಗಳೂರಿಗೆ ಹೋದ್ರೂ ಆಗಲ್ಲ, ಅಮೆರಿಕಾಗೆ ಹೋದ್ರೂ ಆಗಲ್ಲ, ಯಾಕಂದ್ರೆ ಲ್ಯಾಬಲ್ಲಿ ಬೆಳೆಸಿದ ಇಡೀ ಡಿಸ್ಕ್ ಇಲ್ಲೀವರೆಗೆ ಸೇರಿರೋದು ಇಲಿ ಬಾಲಕ್ಕೆ, ನಾಯಿ ಕತ್ತಿಗೆ, ಮೇಕೆ ಕತ್ತಿಗೆ. ಅದರ ಕಥೆ ಕೆಳಗೆ ಒಬ್ಬ ಹುಡುಗಿ ಕೇಳಿದಾಳೆ, ಅಲ್ಲಿ ವಿವರವಾಗಿ ಬರೀತೀನಿ. ನಿಮಗೆ ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ: ನಿಮಗೆ ಹೊಸ ಡಿಸ್ಕ್ ಬೇಕೇ ಬೇಕು ಅಂತ ಆ ರಿಪೋರ್ಟ್ ಹೇಳ್ತಾನೇ ಇಲ್ಲ.

ಬೆನ್ನುಮೂಳೆಯ ಮಣಿಗಳ ಮಧ್ಯೆ ಒಟ್ಟು 23 ಡಿಸ್ಕ್ ಇರುತ್ತೆ. ಒಳಗೆ ಮೆತ್ತನೆ ತಿರುಳು, ಸುತ್ತ ಗಟ್ಟಿ ನಾರಿನ ಪದರಗಳು. ಎಳೇ ವಯಸ್ಸಲ್ಲಿ ಆ ತಿರುಳಲ್ಲಿ ನೂರಕ್ಕೆ 80ರಷ್ಟು ನೀರೇ ಇರುತ್ತೆ, ಅಗ್ರಿಕಾನ್ ಅನ್ನೋ ದೊಡ್ಡ ಅಣು ಆ ನೀರನ್ನ ಹಿಡಿದಿಟ್ಕೊಂಡಿರುತ್ತೆ. ವಯಸ್ಸಾಗ್ತಾ ಅಗ್ರಿಕಾನ್ ಚೂರುಚೂರಾಗಿ ಕಮ್ಮಿಯಾಗುತ್ತೆ, ನೀರು ನಿಲ್ಲಲ್ಲ, ಎಂಆರ್‌ಐನಲ್ಲಿ ಬೆಳ್ಳಗೆ ಕಾಣ್ಬೇಕಾಗಿದ್ದ ಡಿಸ್ಕ್ ಕಪ್ಪಗೆ ಕಾಣುತ್ತೆ, ಅದನ್ನ ನೋಡಿ ಒಣಗಿದೆ ಅಂತ ಬರೀತಾರೆ. ಸುಳ್ಳೇನಲ್ಲ. ಆದ್ರೆ ಯಾವ ನೋವೂ ಇಲ್ದೇ ಇರೋ ಜನರನ್ನ ಸ್ಕ್ಯಾನ್ ಮಾಡಿದ್ರೂ ಇದೇ ಕಾಣುತ್ತೆ ಅನ್ನೋದನ್ನ ರಿಪೋರ್ಟಲ್ಲಿ ಯಾರೂ ಬರೆಯಲ್ಲ. 2015ರಲ್ಲಿ ಹಿಂದಿನ 33 ಅಧ್ಯಯನಗಳನ್ನ ಒಟ್ಟು ಸೇರಿಸಿ, ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್ ಲೆಕ್ಕ ಹಾಕಿದ್ರು. 20 ವರ್ಷದೋರಲ್ಲೇ ನೂರಕ್ಕೆ 37 ಜನಕ್ಕೆ ಡಿಸ್ಕ್ ಸವೆತ ಇತ್ತು, 40ಕ್ಕೆ ಬರೋ ಹೊತ್ತಿಗೆ 68, 80ಕ್ಕೆ 96. ಬಲ್ಜ್, ಅಂದ್ರೆ ಡಿಸ್ಕ್ ಹೊರಗೆ ಉಬ್ಬಿರೋದು, 40 ವರ್ಷದೋರಲ್ಲಿ ಸರಿಯಾಗಿ ಅರ್ಧ ಜನಕ್ಕಿತ್ತು. ಅಂದ್ರೆ ನಿಮ್ಮ ಎಸ್ಟೇಟಲ್ಲಿ ನಿಮ್ಮ ವಯಸ್ಸಿನ, ಆರಾಮಾಗಿ ಮರಗಸಿ ಮಾಡ್ಕೊಂಡಿರೋ ಆಳುಗಳನ್ನೆಲ್ಲ ಕರ್ಕೊಂಡೋಗಿ ಮಿಷಿನ್ ಒಳಗೆ ಮಲಗಿಸಿದ್ರೆ ಸುಮಾರು ಜನಕ್ಕೆ ನಿಮ್ಮ ರಿಪೋರ್ಟೇ ಬರುತ್ತೆ.

ನಿಮ್ಮದು ಚೀಲ ಎತ್ತಿ ಹಿಡ್ಕೊಂಡಿರೋ ಸೊಂಟ, ಕಾಲಿಗೆ ಇಳಿದಿಲ್ಲ, ಇಂಥವು ಬಹುಪಾಲು ಕೆಲವು ವಾರದಲ್ಲಿ ತಾನಾಗೇ ಇಳಿಯುತ್ತೆ. ಹಾಸಿಗೆ ಹಿಡಿದು ಮಲಗ್ಬೇಡಿ, ಆಗೋವಷ್ಟು ನಡೀರಿ. ಚೀಲದ ವಿಷಯಕ್ಕೆ ಒಂದು ಲೆಕ್ಕ ಹೇಳ್ತೀನಿ. 1999ರಲ್ಲಿ ಜರ್ಮನಿಯ ಉಲ್ಮ್‌ನಲ್ಲಿ ಒಬ್ಬ ವಾಲಂಟಿಯರ್‌ನ ಡಿಸ್ಕ್ ಒಳಗೇ ಸೆನ್ಸರ್ ಇಟ್ಟು ಒತ್ತಡ ಅಳೆದ್ರು. ಮಲಗಿದಾಗ 0.1 ಮೆಗಾಪಾಸ್ಕಲ್, ನಿಂತಾಗ 0.5. ಬೆನ್ನು ಬಗ್ಗಿಸಿ 20 ಕೆಜಿ ಎತ್ತಿದಾಗ 2.3, ಅಂದ್ರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ 23 ಕೆಜಿ ಕೂತಂಗೆ. ಅದೇ ಭಾರನ ಮಂಡಿ ಬಗ್ಗಿಸಿ ಎತ್ತಿದ್ರೆ 1.7, ಎದೆಗವಚಿ ಹಿಡ್ಕೊಂಡು ನಿಂತ್ರೆ 1.1. ಅದು ಬರೀ 20 ಕೆಜಿಗೆ. ನೀವು ಎತ್ತಿದ್ದು ತುಂಬಿದ ಕಾಫಿ ಚೀಲ. ಇಬ್ಬರು ಹಿಡೀರಿ ಸ್ವಾಮಿ, ಆಳು ಸಾಲ್ದಿದ್ರೆ ಸಾಹುಕಾರರನ್ನ ಕರೀರಿ.

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಬಿಎಸ್ಸಿ ಎರಡನೇ ವರ್ಷ. ಸುಟ್ಟ ಗಾಯಕ್ಕೆ ಲ್ಯಾಬಲ್ಲಿ ಚರ್ಮ ಬೆಳೆಸಿ ಹಾಕ್ತಾರೆ ಅಂತ ಓದಿದೀನಿ. ಡಿಸ್ಕ್ ಅಂದ್ರೆ ಚರ್ಮದಷ್ಟು ದೊಡ್ಡದೂ ಅಲ್ಲ, ಕಿಡ್ನಿ ಥರ ಕೆಲಸಾನೂ ಇಲ್ಲ, ಆದ್ರೂ ಯಾಕೆ ಇಷ್ಟು ವರ್ಷ ಬೇಕು?

ಉತ್ತರ: ಒಳ್ಳೇ ಪ್ರಶ್ನೆ ಕೇಳಿದೀಯಮ್ಮ. ನೋಡಕ್ಕೆ ಸುಲಭ ಅನ್ಸುತ್ತೆ, ಎರಡೇ ಭಾಗ, ಒಳಗೊಂದು ಹೊರಗೊಂದು. ಕಷ್ಟ ಇರೋದು ಅದಕ್ಕೆ ಊಟ ಹೋಗೋ ದಾರೀಲಿ.

ಮೈಯಲ್ಲಿ ರಕ್ತನಾಳ ಇಲ್ಲದ ಜಾಗಗಳಲ್ಲಿ ದೊಡ್ಡದು ಅಂದ್ರೆ ಡಿಸ್ಕೇ. ಮೇಲಿನ ಮಣಿ, ಕೆಳಗಿನ ಮಣಿ ಇದಾವಲ್ಲ, ಆ ಮೂಳೆ ತನಕ ರಕ್ತ ಬರುತ್ತೆ, ಅಲ್ಲಿಂದ ಎಂಡ್‌ಪ್ಲೇಟ್ ಅನ್ನೋ ತೆಳು ಮೆದುಮೂಳೆ ದಾಟಿ ಗ್ಲೂಕೋಸು ಆಕ್ಸಿಜನ್ನು ನಿಧಾನಕ್ಕೆ ಒಸರ್ಕೊಂಡು ಒಳಗೆ ಹೋಗ್ಬೇಕು. ನಡುಮಧ್ಯದ ಜೀವಕೋಶಕ್ಕೂ ಹತ್ತಿರದ ರಕ್ತನಾಳಕ್ಕೂ 6ರಿಂದ 8 ಮಿಲಿಮೀಟರ್ ದೂರ. ಮೈಯ ಬೇರೆ ಬಹುಪಾಲು ಕಡೆ ಈ ದೂರ ಮಿಲಿಮೀಟರ್ ಲೆಕ್ಕದಲ್ಲೇ ಬರಲ್ಲ, ಅಷ್ಟು ಕಮ್ಮಿ. ಇವು ಆಕ್ಸಿಜನ್ ಸಾಲ್ದೆ ಲ್ಯಾಕ್ಟಿಕ್ ಆಸಿಡ್ ಉತ್ಪತ್ತಿ ಮಾಡ್ತವೆ, ಅದೂ ಅದೇ ದಾರೀಲೇ ವಾಪಸ್ ಹೋಗ್ಬೇಕು, ಬೇಗ ಹೋಗಲ್ಲ, ಸುತ್ತ ಹುಳಿ. ಹೇಮಾವತಿ ನಾಲೆ ಕೊನೇ ಭಾಗದ ಗದ್ದೆಯೋರನ್ನ ಕೇಳು, ನೀರು ಅಲ್ಲೀತನಕ ಬರೋಷ್ಟರಲ್ಲಿ ಏನಾಗಿರುತ್ತೆ ಅಂತ. ಡಿಸ್ಕ್ ನಡುವಿನ ಜೀವಕೋಶ ಹುಟ್ಟಿದಾಗಿಂದ ಅಂಥ ಗದ್ದೇಲೇ ಬದುಕ್ತಾ ಇದೆ. ಅದಕ್ಕೇ ಅಲ್ಲಿ ಜೀವಕೋಶಗಳೂ ಕಮ್ಮಿ, ಪೆಟ್ಟಾದ್ರೆ ರಿಪೇರಿ ಮಾಡ್ಕೊಳ್ಳೋ ತಾಕತ್ತೂ ಕಮ್ಮಿ.

ಇದನ್ನ ಬದುಕಿರೋ ಮನುಷ್ಯರಲ್ಲೇ ತೋರಿಸಿಕೊಟ್ಟ ಕೆಲಸ ನಮ್ಮ ಪಕ್ಕದ ಕೊಯಮತ್ತೂರಿನ ಗಂಗಾ ಆಸ್ಪತ್ರೇಲಿ ಆಯ್ತು, ಡಾ. ಎಸ್. ರಾಜಶೇಖರನ್ ಮತ್ತು ಜೊತೆಯೋರು ಮಾಡಿದ್ದು, 2004ರಲ್ಲಿ ಪ್ರಕಟವಾಗಿ ಬೆನ್ನುಮೂಳೆ ಸಂಶೋಧನೆಯ ಅಂತರರಾಷ್ಟ್ರೀಯ ಬಹುಮಾನಾನೂ ಬಂತು. ರಕ್ತಕ್ಕೆ ಕಾಂಟ್ರಾಸ್ಟ್ (ಸ್ಕ್ಯಾನಲ್ಲಿ ಎದ್ದು ಕಾಣೋ ದ್ರವ) ಕೊಟ್ಟು, ಗಂಟೆಗಟ್ಟಲೆ ಬಿಟ್ಟು ಬಿಟ್ಟು ಎಂಆರ್‌ಐ ತೆಗೆದು, ಅದು ಡಿಸ್ಕ್ ನಡುವಿಗೆ ಹೆಂಗೆ ತಲುಪುತ್ತೆ ಅಂತ ನೋಡಿದ್ರು. ತಲುಪಕ್ಕೆ ತುಂಬ ಹೊತ್ತು ಬೇಕು ಅನ್ನೋದು ಕಂಡಿತು, ಎಂಡ್‌ಪ್ಲೇಟ್ ಕೆಟ್ಟಿರೋ ಕಡೆ ಆ ಸಾಗಾಟದ ರೀತಿಯೇ ಬದಲಾಗಿತ್ತು. ಡಿಸ್ಕ್ ಸವೆತದ ಬೀಗದ ಕೈ ಎಂಡ್‌ಪ್ಲೇಟಲ್ಲಿ ಇದೆ ಅನ್ನೋ ವಾದಕ್ಕೆ ಇದರಿಂದ ಬಲ ಬಂತು. ನನಗೂ ಅದೇ ಸರಿ ಅನ್ಸುತ್ತೆ.

ಈಗ ಲ್ಯಾಬ್ ಡಿಸ್ಕ್ ವಿಷಯ. ಅಮೆರಿಕಾದ ಕಾರ್ನೆಲ್ ಯೂನಿವರ್ಸಿಟೀಲಿ ಲಾರೆನ್ಸ್ ಬೊನಾಸರ್ ಮತ್ತು ಬೆನ್ನುಮೂಳೆ ಸರ್ಜನ್ ರೋಜರ್ ಹಾರ್ಟ್ಲ್ ಅವರ ತಂಡ 2011ರಲ್ಲಿ ಇಲಿ ಬಾಲದ ಒಂದು ಡಿಸ್ಕ್ ತೆಗೆದು ತಾವು ಮಾಡಿದ ಡಿಸ್ಕ್ ಕೂರಿಸಿದ್ರು. ಕುರಿ ಡಿಸ್ಕಿನ ಜೀವಕೋಶ ತಗೊಂಡು, ತಿರುಳಿಗೆ ಆಲ್ಜಿನೇಟ್ ಜೆಲ್ಲು (ಸಮುದ್ರದ ಪಾಚಿಯಿಂದ ಬರುತ್ತಲ್ಲ, ಅದು), ಸುತ್ತ ಕೊಲಾಜೆನ್ (ಮೈಯಲ್ಲಿ ನಾರು ಆಗೋ ಪ್ರೋಟೀನು) ಜೆಲ್ಲು. ಚೆಂದ ಏನಪ್ಪಾ ಅಂದ್ರೆ ಸುತ್ತಲಿನ ಜೀವಕೋಶಗಳು ಆ ಕೊಲಾಜೆನ್ನನ್ನ ಎಳೆದೂ ಎಳೆದೂ ತಾವೇ ನಾರನ್ನ ವೃತ್ತಾಕಾರಕ್ಕೆ ಸಾಲುಹಿಡಿಸಿಕೊಂಡ್ವು. ಆರು ತಿಂಗಳಾದ್ಮೇಲೂ ಡಿಸ್ಕಿನ ಎತ್ತರ ಉಳಿದಿತ್ತು, ಹೊಸ ನಾರು ತುಂಬಿತ್ತು, ಒತ್ತಿದ್ರೆ ಅಸಲಿ ಡಿಸ್ಕ್ ಹೆಂಗೆ ತಡ್ಕೊಳ್ಳುತ್ತೋ ಹಂಗೇ ತಡ್ಕೊಳ್ತಿತ್ತು. ಆಮೇಲೆ ಅದೇ ತಂಡ ಬೀಗಲ್ ನಾಯಿಗಳ ಕತ್ತಿಗೆ ಹಾಕ್ದಾಗ ಕೆಲವು ಜಾಗ ಬಿಟ್ಟು ಹೊರಗೆ ಸರ್ಕೊಂಡ್ವು. ಇಲಿ ಬಾಲದ ಮೇಲೆ ಯಾವ ಭಾರ ಇದೆ ಹೇಳು, ನಾಯಿ ಕತ್ತು ದಿನವೆಲ್ಲ ತಿರುಗ್ತಾ ಇರುತ್ತೆ.

ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯೋರು, ರಾಬರ್ಟ್ ಮಾಕ್, ಹಾರ್ವೇ ಸ್ಮಿತ್, ಸಾರಾ ಗಲ್‌ಬ್ರಾಂಡ್ ಇವರೆಲ್ಲ, ಇನ್ನೊಂದು ದಾರಿ ಹಿಡಿದ್ರು. ಅಸಲಿ ಡಿಸ್ಕಿನ ಹೊರಗಿನ ನಾರು ಹದಿನೈದರಿಂದ ಇಪ್ಪತ್ತೈದು ಪದರ ಇರುತ್ತೆ, ಒಂದು ಪದರದ ನಾರು ಒಂದು ಕಡೆ ಓರೆ ಆದ್ರೆ ಮುಂದಿನದು ಅದಕ್ಕೆ ಉಲ್ಟಾ ಓರೆ, ಹಂಗಾಗಿ ಬಗ್ಗಿದ್ರೂ ತಿರುಚಿದ್ರೂ ಹರಿಯಲ್ಲ. ಅದೇ ಓರೆನ ನಾನೋ ನಾರಿನಲ್ಲಿ ನೇಯ್ದು, ನಡುವೆ ಜೆಲ್ಲು ತುಂಬಿ, ಮೇಲೆ ಕೆಳಗೆ ತೂತುತೂತಾದ ಎಂಡ್‌ಪ್ಲೇಟನ್ನೂ ಸೇರಿಸಿದ್ರು. 2018ರಲ್ಲಿ ಪ್ರಕಟವಾದ ಪ್ರಕಾರ ಇಲೀಲಿ 20 ವಾರ, ಮೇಕೆ ಕತ್ತಲ್ಲಿ 8 ವಾರ ಚೆನ್ನಾಗಿ ಇತ್ತು, ಅಕ್ಕಪಕ್ಕದ ಮೂಳೆಗೆ ಬೆಸೆದುಕೊಳ್ತಾನೂ ಇತ್ತು. ಮೇಕೆ ಕತ್ತೇ ಯಾಕೆ ಅಂದ್ರೆ ಅದರ ಡಿಸ್ಕು ಹೆಚ್ಚುಕಮ್ಮಿ ಮನುಷ್ಯರ ಕತ್ತಿನ ಡಿಸ್ಕಿನ ಸೈಜೇ.

8 ವಾರ ಅಂತ ಓದ್ಕೊಂಡೆ ತಾನೇ? ಮನುಷ್ಯರಿಗೆ ಬೇಕಾಗಿರೋದು ಮೂವತ್ತು ನಲವತ್ತು ವರ್ಷ. ಅದೂ ಸೊಂಟದಲ್ಲಿ, ಅಲ್ಲಿ ಡಿಸ್ಕ್ ಇನ್ನೂ ದಪ್ಪ, ನಡುವಿಗೆ ಊಟ ಇನ್ನೂ ದೂರ. ಲ್ಯಾಬಲ್ಲಿ ಇರೋವಾಗ ಡಿಸ್ಕನ್ನ ಪೋಷಕಾಂಶದ ದ್ರವದಲ್ಲಿ ಮುಳುಗಿಸಿಟ್ಟಿರ್ತಾರೆ, ನಾಕೂ ಕಡೆಯಿಂದ ಊಟ. ಒಳಗೆ ಕೂರಿಸಿದ ದಿನದಿಂದ ಅದು ನಾಲೆಯ ಕೊನೇ ಗದ್ದೆ. ಚರ್ಮ ಹಾಕಿದ್ರೆ ಕೆಳಗಿಂದ ರಕ್ತನಾಳ ಬೆಳ್ಕೊಂಡು ಬಂದು ಅದನ್ನ ಸಾಕುತ್ತೆ, ಡಿಸ್ಕಿಗೆ ಹಂಗೆ ಬರಂಗೂ ಇಲ್ಲ, ಬಂದ್ರೆ ಜೊತೇಲಿ ನರಾನೂ ಬೆಳೆದು ನೋವು ತರುತ್ತೆ, ಸವೆದ ಡಿಸ್ಕ್‌ಗಳಲ್ಲಿ ಹಂಗೆ ನರ ಒಳಗೆ ನುಗ್ಗಿರೋದು ಕಂಡಿದಾರೆ.

ಬೇರೆ ಮನುಷ್ಯರ ಡಿಸ್ಕ್ ಕಸಿ ಮಾಡಿದ್ದೂ ಇದೆ ಗೊತ್ತಾ? ಬೀಜಿಂಗ್ ಮತ್ತು ಹಾಂಕಾಂಗ್ ಡಾಕ್ಟರುಗಳು ಐದು ಜನರ ಕತ್ತಿಗೆ, ತೀರಿಕೊಂಡ ದಾನಿಗಳ ಡಿಸ್ಕನ್ನ ಎಂಡ್‌ಪ್ಲೇಟ್ ಸಮೇತ ಫ್ರೀಜ್ ಮಾಡಿಟ್ಟು ಹಾಕಿದ್ರು, 2007ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು. ಐದು ವರ್ಷ ಕಳೆದ್ರೂ ಮೈ ಅದನ್ನ ತಿರಸ್ಕರಿಸಲಿಲ್ಲ, ಕತ್ತು ಆಡ್ತಿತ್ತು, ಸ್ವಲ್ಪ ಸವೆತ ಮಾತ್ರ ಶುರುವಾಗಿತ್ತು. ರಕ್ತ ಹೋಗದ ಜಾಗ ಆಗಿರೋದ್ರಿಂದ ಇಲ್ಲೊಂದು ಲಾಭಾನೂ ಇದೆ ನೋಡು, ರೋಗನಿರೋಧಕ ಕೋಶಗಳೂ ಸುಲಭಕ್ಕೆ ಒಳಗೆ ಬರಲ್ಲ.

ಮುಂದೆ ಇದನ್ನೇ ಓದ್ಬೇಕು ಅಂತ ಆಸೆ ಇದ್ರೆ ಬೆಂಗಳೂರಿನ ಐಐಎಸ್‌ಸಿಲಿ ಬಯೋಎಂಜಿನಿಯರಿಂಗ್ ವಿಭಾಗ ಇದೆ, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೇಲಿ ಬಯೋಮೆಟೀರಿಯಲ್ ಕೆಲಸ ದಶಕಗಳಿಂದ ನಡೀತಿದೆ. ಬಯಾಲಜಿ ಜೊತೆ ಮೆಕ್ಯಾನಿಕ್ಸನ್ನ ಬಿಡಬೇಡ, ಡಿಸ್ಕ್ ವಿಷಯದಲ್ಲಿ ಎರಡೂ ಬರದೋರಿಗೆ ಅರ್ಧ ಕಣ್ಣು ಮಾತ್ರ.

ಪ್ರಶ್ನೆ: ನಾನು ಅರಸೀಕೆರೆ ಹತ್ರ ಹೈಸ್ಕೂಲ್ ಟೀಚರ್. ನಮ್ಮ ಅಮ್ಮನಿಗೆ 66, ವರ್ಷಗಳಿಂದ ಸೊಂಟನೋವು, ಮೂರು ಡಿಸ್ಕ್ ಸವೆದಿದೆ. ಒಂದು ಕ್ಲಿನಿಕ್‌ನೋರು ಹೊಟ್ಟೆ ಕೊಬ್ಬಿಂದ ಸ್ಟೆಮ್ ಸೆಲ್ ತೆಗೆದು ಡಿಸ್ಕಿಗೆ ಇಂಜೆಕ್ಷನ್ ಕೊಡ್ತೀವಿ, ಡಿಸ್ಕ್ ಮತ್ತೆ ಬೆಳೆಯುತ್ತೆ, ಎರಡೂವರೆ ಲಕ್ಷ ಅಂದ್ರು. ಅಣ್ಣ ಅಡಿಕೆ ದುಡ್ಡು ಬಂದಿದೆ ಮಾಡ್ಸೇಬಿಡೋಣ ಅಂತಾನೆ. ಏನ್ಮಾಡ್ಲಿ?

ಉತ್ತರ: ಮಾಡ್ಸಬೇಡಿ ಮೇಡಂ. ಅಡಿಕೆ ದುಡ್ಡು ಬ್ಯಾಂಕಲ್ಲೇ ಇರ್ಲಿ.

ಸ್ಟೆಮ್ ಸೆಲ್ (ಬೇರೆ ಥರದ ಕೋಶಗಳಾಗಬಲ್ಲ ಮೂಲ ಜೀವಕೋಶ) ಬರೀ ಬುರುಡೆ ಅಂತ ನಾನು ಹೇಳ್ತಿಲ್ಲ, ಅದರ ಮೇಲೆ ಗಟ್ಟಿ ಸಂಶೋಧನೆ ನಡೀತಿದೆ. ಜಪಾನಿನ ಟೋಕೈ ಯೂನಿವರ್ಸಿಟಿಯ ಡೈಸುಕೆ ಸಕಾಯ್ ಮತ್ತು ಸಂಗಡಿಗರು 2012ರಲ್ಲಿ ಡಿಸ್ಕ್ ತಿರುಳಲ್ಲೇ ಮೂಲ ಜೀವಕೋಶ ಇದಾವೆ, ವಯಸ್ಸಾಗ್ತಾ ಅವು ಖಾಲಿಯಾಗ್ತಾ ಹೋಗ್ತವೆ ಅಂತ ತೋರಿಸಿದ್ರು. ಸ್ಪೇನ್‌ನಲ್ಲಿ 2011ರಲ್ಲಿ 10 ಜನಕ್ಕೆ ಅವರವರದೇ ಮೂಳೆಮಜ್ಜೆಯ ಕೋಶ ಕೊಟ್ಟು ನೋವು ಕಮ್ಮಿ ಆಯ್ತು ಅಂತ ಬರೆದ್ರು, ಆದ್ರೆ ಡಿಸ್ಕಿನ ಎತ್ತರ ವಾಪಸ್ ಬರಲಿಲ್ಲ, ಹೋಲಿಸಿ ನೋಡಕ್ಕೆ ಇನ್ನೊಂದು ಗುಂಪೂ ಇರಲಿಲ್ಲ. ದೊಡ್ಡ ಪರೀಕ್ಷೆ ಅಂದ್ರೆ ಮೆಸೋಬ್ಲಾಸ್ಟ್ ಕಂಪನಿಯದು, ಮೂರನೇ ಹಂತ, 404 ಜನ. ಕೆಲವರಿಗೆ ದಾನಿಯ ಜೀವಕೋಶ, ಕೆಲವರಿಗೆ ಬರೀ ಸಲೈನ್ ನೀರು, ಯಾರಿಗೆ ಯಾವುದು ಅಂತ ರೋಗಿಗೆ ಗೊತ್ತಿಲ್ಲ. 2021ರಲ್ಲಿ ಫಲಿತಾಂಶ ಬಂತು. ನೋವೂ ಇಳೀಬೇಕು ಓಡಾಟಾನೂ ಸುಧಾರಿಸಬೇಕು ಅಂತ ಮೊದಲೇ ಇಟ್ಕೊಂಡಿದ್ದ ಮುಖ್ಯ ಗುರಿ ಮುಟ್ಟಲಿಲ್ಲ. ನೋವಿನ ಲೆಕ್ಕ ಮಾತ್ರ ಬೇರೆ ತೆಗೆದು ನೋಡಿದಾಗ ಜೀವಕೋಶ ತಗೊಂಡ ಗುಂಪಿಗೆ ಸ್ವಲ್ಪ ಮೇಲುಗೈ ಕಂಡಿತು ಅಂತ ಇನ್ನೊಂದು ಮೂರನೇ ಹಂತದ ಪರೀಕ್ಷೆಗೆ ಇಳಿದ್ರು. ಇಷ್ಟು ಕಟ್ಟುನಿಟ್ಟಾಗಿ ಮಾಡಿದೋರ ಕೈಲೇ "ಡಿಸ್ಕ್ ಮತ್ತೆ ಬೆಳೆಯುತ್ತೆ" ಅಂತ ಬರೆದುಕೊಡಕ್ಕಾಗಿಲ್ಲ, ನಿಮ್ಮ ಕ್ಲಿನಿಕ್‌ನೋರಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಕೇಳಿ.

ಯಾಕೆ ಬೆಳೆಯಲ್ಲ ಅನ್ನೋದಕ್ಕೆ ಮೇಲೆ ಆ ಹುಡುಗಿಗೆ ಬರೆದಿದ್ದೇ ಉತ್ತರ. ಇದ್ದ ಜೀವಕೋಶಗಳೇ ಊಟ ಸಾಲ್ದೆ ಸತ್ತಿರೋ ಜಾಗಕ್ಕೆ ಇನ್ನೂ ಲಕ್ಷಗಟ್ಟಲೆ ಜೀವಕೋಶ ತಂದು ಸುರಿದ್ರೆ ಉಣ್ಣೋ ಬಾಯಿ ಜಾಸ್ತಿಯಾಗುತ್ತೆ, ಅಷ್ಟೇ. ಅದರ ಮೇಲೆ ಸೂಜಿ ಚುಚ್ಚೋದ್ರಿಂದ ಹೊರಪದರಕ್ಕೂ ಗಾಯ. ಪ್ರಾಣಿಗಳಲ್ಲಿ ಡಿಸ್ಕ್ ಸವೆತ ಬರಿಸಬೇಕು ಅಂದ್ರೆ ಸಂಶೋಧಕರು ಮಾಡೋ ಕೆಲಸವೇ ಸೂಜಿ ಚುಚ್ಚೋದು.

ಕಾನೂನಿನ ಮಾತೂ ಕೇಳಿ. ಐಸಿಎಂಆರ್ (ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ನಮ್ಮ ದೇಶದಲ್ಲಿ ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಒಪ್ಪಿರೋದು ರಕ್ತದ ಕಾಯಿಲೆಗಳಿಗೆ ಮಾಡೋ ಮೂಳೆಮಜ್ಜೆ ಥರದ ಕಸಿ ಮಾತ್ರ. ಬೆನ್ನು ಮಂಡಿ ಇವೆಲ್ಲ ಏನಿದ್ರೂ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್ ಒಳಗೇ ನಡೀಬೇಕು, ಟ್ರಯಲ್‌ಗೆ ಸೇರಿದ ರೋಗಿ ಹತ್ರ ಆ ಚಿಕಿತ್ಸೆಗೆ ಅಂತ ದುಡ್ಡು ತಗೊಳ್ಳಂಗಿಲ್ಲ. ಹಂಗಾಗಿ ಎರಡೂವರೆ ಲಕ್ಷ ಕೇಳಿದಾಗಲೇ ಅದು ಟ್ರಯಲ್ ಅಲ್ಲ ಅಂತಾಯ್ತು. ಸಂಶಯ ಇದ್ರೆ "ನಿಮ್ಮ ಸಿಟಿಆರ್‌ಐ ನಂಬರ್ ಕೊಡಿ" ಅನ್ನಿ, ಟ್ರಯಲ್‌ಗಳನ್ನ ನೋಂದಾಯಿಸೋ ಸರ್ಕಾರಿ ಪಟ್ಟಿ ಅದು, ಯಾರು ಬೇಕಾದ್ರೂ ನೆಟ್ಟಲ್ಲಿ ಪುಕ್ಕಟೆ ನೋಡಬಹುದು. ಅಮ್ಮನಿಗೆ ಒಳ್ಳೇ ಫಿಸಿಯೋಥೆರಪಿ ಕೊಡಿಸಿ, ಮೂಳೆ ಸವೆತ ಇದೆಯಾ, ವಿಟಮಿನ್ ಡಿ ಎಷ್ಟಿದೆ ನೋಡ್ಸಿ. 66ಕ್ಕೆ ಸೊಂಟನೋವು ಅಂದ್ರೆ ಎಲ್ಲಾನೂ ಡಿಸ್ಕಿನ ತಲೆಗೆ ಕಟ್ಟಬಾರ್ದು.

ಪ್ರಶ್ನೆ: ಬೇಲೂರು ಡಿಪೋದಲ್ಲಿ ಡ್ರೈವರ್ ಸಾರ್ ನಾನು. ಘಾಟಿ ರೋಡಲ್ಲಿ ಕುಲುಕಿ ಕುಲುಕಿ ಡಿಸ್ಕ್ ಹೋಗೈತೆ ಅಂತಾರೆ ಎಲ್ರೂ. ನಮ್ಮಪ್ಪಂಗೂ ಹಿಂಗೇ ಇತ್ತು, ಅವರು ಗದ್ದೆ ಕೆಲಸದೋರು, ಬಸ್ಸು ಮುಟ್ಟಿದೋರಲ್ಲ. ಕೆಲಸ ಬಿಟ್ರೆ ಸರಿಹೋಗುತ್ತಾ?

ಉತ್ತರ: ನಿಮ್ಮಪ್ಪಂದು ಹೇಳಿದ್ರಲ್ಲ, ನಿಮ್ಮ ಉತ್ತರ ಅರ್ಧ ಅಲ್ಲೇ ಇದೆ. ಫಿನ್‌ಲೆಂಡ್‌ನಲ್ಲಿ ಮಿಶೆಲ್ ಬ್ಯಾಟಿಯೆ, ಟಾಪಿಯೊ ವಿಡೆಮಾನ್ ಅನ್ನೋ ಸಂಶೋಧಕರು ಮತ್ತು ಜೊತೆಯೋರು ತದ್ರೂಪಿ ಅವಳಿಗಳನ್ನ ವರ್ಷಗಟ್ಟಲೆ ಸ್ಕ್ಯಾನ್ ಮಾಡಿದ್ರು, ಒಂದೇ ಜೀನು, ಬೇರೆಬೇರೆ ಕೆಲಸ. 1995ರ ಲೆಕ್ಕದಲ್ಲಿ 115 ಜೋಡಿ ಗಂಡಸರು. ಸೊಂಟದ ಮೇಲ್ಭಾಗದ ಡಿಸ್ಕ್‌ಗಳ ಸವೆತದಲ್ಲಿ ಮೈಕೆಲಸದ ಭಾರ ವಿವರಿಸಿದ್ದು ನೂರಕ್ಕೆ 7 ಪಾಲು, ಕೆಳಭಾಗದಲ್ಲಿ 2 ಪಾಲು. ಮನೆತನದ್ದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಆಮೇಲೆ 2002ರಲ್ಲಿ ನಿಮ್ಮ ಪ್ರಶ್ನೇನೇ ಇಟ್ಕೊಂಡು ನೋಡಿದ್ರು: ಅವಳಿಗಳಲ್ಲಿ ಒಬ್ಬ ಜೀವಮಾನವೆಲ್ಲ ಡ್ರೈವಿಂಗ್, ಇನ್ನೊಬ್ಬ ಅಲ್ಲ, ಅಂಥ 45 ಜೋಡಿ. ಡಿಸ್ಕ್ ಸವೆತದಲ್ಲಿ ವ್ಯತ್ಯಾಸ ಸಿಗಲಿಲ್ಲ.

ಹಂಗಂತ ನಿಮಗೆ ನೋವಿಲ್ಲ ಅಂತಲ್ಲ, ಎಂಟು ಗಂಟೆ ಕೂತು ಕುಲುಕಿದ್ರೆ ಸ್ನಾಯು ಸೊಂಟ ಎಲ್ಲ ಹಿಡ್ಕೊಳ್ಳುತ್ತೆ. ಸೀಟು ಸರಿಮಾಡ್ಸಿ, ಪಾಯಿಂಟಲ್ಲಿ ಬಸ್ಸು ನಿಂತಾಗ ಇಳಿದು ಓಡಾಡಿ. ಅದಕ್ಕೋಸ್ಕರ ಕೆಲಸ ಬಿಡೋ ಮಾತು ಬೇಡ. ಬೀಡಿ ಸಿಗರೇಟು ಇದ್ರೆ ಬಿಡಿ. ಅದೇ ಅವಳಿಗಳಲ್ಲಿ ಸೇದೋರ ಡಿಸ್ಕ್ ಸವೆತ ಸೇದದೋರಿಗಿಂತ ಸರಾಸರಿ 18 ಪರ್ಸೆಂಟ್ ಜಾಸ್ತಿ ಇತ್ತು. ಸಣ್ಣ ರಕ್ತನಾಳಗಳು ಬಿಗಿಯಾದ್ರೆ ಎಂಡ್‌ಪ್ಲೇಟಿಗೆ ಬರೋ ಅಷ್ಟಿಷ್ಟು ಊಟಾನೂ ಕಟ್.

ಪ್ರಶ್ನೆ: ನಮ್ಮ ಯಜಮಾನ್ರಿಗೆ ಡಿಸ್ಕಿನ ಚೂರು ಹೊರಗೆ ಬಂದು ನರ ಒತ್ತಿದೆ, ಎಡಗಾಲು ಹಿಮ್ಮಡಿ ತನಕ ಜೋಮು, ಉರಿ. ಮೂರು ವಾರ ಆಯ್ತು. ಆಪರೇಷನ್ ಅಂದ್ರೆ ಭಯ. ಲೋಹದ ಡಿಸ್ಕ್ ಹಾಕ್ತಾರಂತೆ ಹೌದಾ? ಸಕಲೇಶಪುರದ ಕಡೆ ಒಬ್ರು ಕಾಲಲ್ಲಿ ತುಳಿದು ಡಿಸ್ಕ್ ಒಳಗೆ ಕೂರಿಸ್ತಾರಂತೆ, ಅಲ್ಲಿಗೆ ಹೋಗೋಣ ಅಂತಾರೆ.

ಉತ್ತರ: ತುಳಿಸ್ಕೊಳ್ಳಕ್ಕೆ ಮಾತ್ರ ಹೋಗ್ಬೇಡಿ ತಾಯಿ. ನರದ ಪಕ್ಕ ಚೂರು ಇರೋವಾಗ ಮೇಲಿಂದ ತುಳಿದ್ರೆ ಏನಾಗಬಹುದು ಅಂತ ನೀವೇ ಯೋಚನೆ ಮಾಡಿ.

ಭಯ ಕಮ್ಮಿ ಆಗೋ ವಿಷಯ ಹೇಳ್ತೀನಿ. ಹೊರಗೆ ಬಂದ ಚೂರನ್ನ ಎಷ್ಟೋ ಸಲ ಮೈಯೇ ಕರಗಿಸಿಬಿಡುತ್ತೆ. ಒಳಗಿದ್ದಾಗ ರಕ್ತದ ಸಂಪರ್ಕ ಇಲ್ಲ, ಹೊರಗೆ ಬಿದ್ದ ಕೂಡ್ಲೆ ರಕ್ತದ ಕಡೆಯ ಕೋಶಗಳು ಇದು ಯಾರಪ್ಪಾ ಹೊಸಬ ಅಂತ ಬಂದು ತಿಂದು ಮುಗಿಸ್ತವೆ. ವಿಚಿತ್ರ ಅಂದ್ರೆ ಪೂರ್ತಿ ಕಿತ್ತು ಹೊರಬಿದ್ದ ದೊಡ್ಡ ಚೂರೇ ಜಾಸ್ತಿ ಕರಗೋದು, ಬರೀ ಉಬ್ಬಿರೋ ಬಲ್ಜ್ ಹಂಗೆ ಕರಗೋದು ಕಮ್ಮಿ. ನೆದರ್ಲೆಂಡ್ಸ್‌ನಲ್ಲಿ ಜೋರು ಕಾಲುನೋವಿನ 283 ಜನರನ್ನ ಎರಡು ಗುಂಪು ಮಾಡಿ, ಒಂದಕ್ಕೆ ಬೇಗ ಆಪರೇಷನ್, ಇನ್ನೊಂದಕ್ಕೆ ಮಾತ್ರೆ ಫಿಸಿಯೋ ಕೊಟ್ಟು ಕಾಯೋದು, ಅಂತ ನೋಡಿದ್ರು, 2007ರಲ್ಲಿ ಬಂತು. ಆಪರೇಷನ್ ಆದೋರಿಗೆ ನೋವು ಬೇಗ ಇಳೀತು, ಆದ್ರೆ ವರ್ಷದ ಕೊನೆಗೆ ಎರಡೂ ಗುಂಪಲ್ಲಿ ನೂರಕ್ಕೆ 95 ಜನ ಚೇತರಿಸ್ಕೊಂಡಿದ್ರು. ಕಾಯೋ ಗುಂಪಲ್ಲೂ ತಡ್ಕೊಳ್ಳಕ್ಕಾಗ್ದೆ 39 ಪರ್ಸೆಂಟ್ ಜನ ಮಧ್ಯದಲ್ಲಿ ಆಪರೇಷನ್ ಮಾಡಿಸ್ಕೊಂಡ್ರು, ಅದನ್ನೂ ಹೇಳ್ಬೇಕು. ಅಂದ್ರೆ ಕಾಯೋದೂ ತಪ್ಪಲ್ಲ, ಮಾಡ್ಸೋದೂ ತಪ್ಪಲ್ಲ, ಯಜಮಾನ್ರಿಗೆ ಎಷ್ಟು ತಡ್ಕೊಳ್ಳಕ್ಕಾಗುತ್ತೆ ಅನ್ನೋದರ ಮೇಲಿದೆ.

ಆದ್ರೆ ಕಾಯ್ಬಾರದ ಲಕ್ಷಣಗಳು ಇದಾವೆ. ಮೂತ್ರ ಕಟ್ಕೊಳ್ಳೋದು ಇಲ್ಲಾ ಗೊತ್ತಿಲ್ಲದಂಗೆ ಹೋಗೋದು, ಮಲದ ಹಿಡಿತ ತಪ್ಪೋದು, ಕೂರೋ ಜಾಗ ಮತ್ತು ತೊಡೆಸಂದು ಮರಗಟ್ಟೋದು, ಪಾದ ಮೇಲೆತ್ತಕ್ಕಾಗ್ದೆ ಚಪ್ಪಲಿ ಜಾರೋದು. ಇದರಲ್ಲಿ ಯಾವುದು ಕಂಡ್ರೂ ಬೆಳಗಾಗ್ಲಿ ಅಂತ ಕಾಯ್ದೆ ರಾತ್ರಿನೇ ಹೊರಡಿ, ಹಾಸನದ ಹಿಮ್ಸ್ ಆದ್ರೂ ಸರಿ, ಬೆನ್ನುಮೂಳೆ ಸರ್ಜನ್ ಇರೋ ಬೇರೆ ದೊಡ್ಡಾಸ್ಪತ್ರೆ ಆದ್ರೂ ಸರಿ.

ಲೋಹದ ಡಿಸ್ಕ್ ಇರೋದು ನಿಜ, ಆದ್ರೆ ನಿಮ್ಮೋರಿಗೆ ಹೇಳಿರೋದು ಬರೀ ಚೂರು ತೆಗೆಯೋ ಆಪರೇಷನ್ ಇರಬೇಕು, ಕೇಳಿ ನೋಡಿ. ಲೋಹ ಪ್ಲಾಸ್ಟಿಕ್ಕಿನ ಮೊದಲ ಹೆಸರಾಂತ ಡಿಸ್ಕನ್ನ 1980ರ ದಶಕದಲ್ಲಿ ಪೂರ್ವ ಬರ್ಲಿನ್ನಿನ ಶಾರಿಟೆ ಆಸ್ಪತ್ರೇಲಿ ಮಾಡಿದ್ರು. ಮಾಡಿದ ಇಬ್ಬರಲ್ಲಿ ಒಬ್ಬಾಕೆ ಕಾರಿನ್ ಬ್ಯೂಟ್ನರ್-ಯಾನ್ಸ್, 1972ರ ಮ್ಯೂನಿಕ್ ಒಲಿಂಪಿಕ್ಸಲ್ಲಿ ಜಿಮ್ನಾಸ್ಟಿಕ್ಸಲ್ಲಿ ಎರಡು ಚಿನ್ನ ಗೆದ್ದೋಳು, ಆಮೇಲೆ ಮೂಳೆ ಡಾಕ್ಟರ್ ಆದ್ಲು. ಸೊಂಟ ಬಾಗೋದರ ಬೆಲೆ ಆಕೆಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ!

ಪ್ರಶ್ನೆ: ಬೆಳಿಗ್ಗೆ ಅಳೆದ್ರೆ ಒಂದು ಎತ್ತರ, ಸಂಜೆ ಅಳೆದ್ರೆ ಕಮ್ಮಿ. ಪೊಲೀಸ್ ಫಿಸಿಕಲ್‌ಗೆ ಹೋಗ್ಬೇಕು, ಅರ್ಧ ಸೆಂಟಿಮೀಟರ್‌ನಲ್ಲಿದೀನಿ. (ಆಲೂರಿನ ಓದುಗ)

ಉತ್ತರ: ನಿನ್ನ ಟೇಪು ಸರಿಯಾಗೇ ಇದೆ ಮಗಾ. ದಿನವೆಲ್ಲ ನಿಂತು ಕೂತು ಡಿಸ್ಕಿಂದ ನೀರು ಹೊರಗೆ ಹೋಗುತ್ತೆ, ಸಂಜೆಗೆ ಒಂದರಿಂದ ಎರಡು ಸೆಂಟಿಮೀಟರ್ ಕಮ್ಮಿಯಾಗೋದು ಮಾಮೂಲಿ. ರಾತ್ರಿ ಮಲಗಿದಾಗ ವಾಪಸ್ ಹೀರ್ಕೊಳ್ಳುತ್ತೆ. ಅದೇ ಉಲ್ಮ್ ಪ್ರಯೋಗದಲ್ಲಿ ಏಳು ಗಂಟೆ ನಿದ್ದೆ ಮಾಡೋಷ್ಟರಲ್ಲಿ ಒಳಗಿನ ಒತ್ತಡ 0.1ರಿಂದ 0.24ಕ್ಕೆ ಏರಿತ್ತು. ಹಿಂದಿನ ರಾತ್ರಿ ಬಸ್ಸಲ್ಲಿ ಕೂತ್ಕೊಂಡು ಹೋಗಬೇಡ, ಒಂದಿನ ಮುಂಚೆ ಹೋಗಿ ಚೆನ್ನಾಗಿ ಮಲಗು, ಬೆಳಿಗ್ಗೆ ಲೈನಲ್ಲಿ ಮೊದಲು ನಿಲ್ಲು.

ಪ್ರಶ್ನೆ: ಇದು ಮನುಷ್ಯರ ಪ್ರಶ್ನೆ ಅಲ್ಲ, ಬೈಕೋಬೇಡಿ. ಬಾಳೆಹೊನ್ನೂರಲ್ಲಿ ನಮ್ಮ ತೋಟದ ಮನೇಲಿ ಐದು ವರ್ಷದ ಡ್ಯಾಶ್‌ಹುಂಡ್ ಇದೆ. ನಿನ್ನೆಯಿಂದ ಹಿಂಗಾಲು ಎಳೀತಾ ಇದೆ, ಮುಟ್ಟಿದ್ರೆ ಕಿರುಚುತ್ತೆ. ಡಿಸ್ಕ್ ಅಂದ್ರು. ನಾಯಿಗೂ ಡಿಸ್ಕ್ ಬರುತ್ತಾ?

ಉತ್ತರ: ಯಾಕೆ ಬೈಕೊಳ್ಲಿ, ಈ ಡಿಸ್ಕ್ ಸಂಶೋಧನೇಲಿ ನಿಮ್ಮ ನಾಯಿ ಜಾತಿಗೆ ದೊಡ್ಡ ಜಾಗ ಇದೆ. ಗರ್ಭದಲ್ಲಿ ಬೆನ್ನುಮೂಳೆ ಆಗೋದಕ್ಕೂ ಮುಂಚೆ ನೋಟೊಕಾರ್ಡ್ ಅಂತ ಒಂದು ದಾರ ಇರುತ್ತೆ, ಡಿಸ್ಕ್ ತಿರುಳು ಹುಟ್ಟೋದು ಅದರಿಂದ. ಆ ಮೂಲ ಕೋಶಗಳು ಮನುಷ್ಯರಲ್ಲಿ ಹತ್ತು ವರ್ಷದ ಹೊತ್ತಿಗೆ ಹೆಚ್ಚುಕಮ್ಮಿ ಕಾಣೆಯಾಗ್ತವೆ. ಉದ್ದ ಕಾಲಿನ ಎಷ್ಟೋ ನಾಯಿ ಜಾತಿಗಳಲ್ಲಿ ದೊಡ್ಡದಾದ್ರೂ ಉಳ್ಕೊಳ್ತವೆ, ಡ್ಯಾಶ್‌ಹುಂಡ್ ಬೀಗಲ್‌ನಂಥವುಗಳಲ್ಲಿ ಮರಿ ಇದ್ದಾಗಲೇ ಹೋಗ್ತವೆ, ಡಿಸ್ಕ್ ಬೇಗ ಗಟ್ಟಿಯಾಗಿ ಒಡೆಯುತ್ತೆ. 2017ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಇದರ ಹಿಂದಿನ ಜೀನ್ ಕಾರಣ ಹಿಡಿದ್ರು, ಎಫ್‌ಜಿಎಫ್4 ಅನ್ನೋ ಜೀನಿನ ಒಂದು ಹೆಚ್ಚುವರಿ ನಕಲು 12ನೇ ಕ್ರೋಮೋಸೋಮಲ್ಲಿ ಬಂದು ಕೂತಿದೆ. ಕಾಲು ಗಿಡ್ಡ ಆಗೋದಕ್ಕೂ ಅದು ಸ್ವಲ್ಪ ಕಾರಣ. ನೋಟೊಕಾರ್ಡ್ ಕೋಶ ಬಿಡುಗಡೆ ಮಾಡೋ ರಸಗಳಿಂದ ಮನುಷ್ಯರ ಸವೆದ ಡಿಸ್ಕನ್ನ ಎಬ್ಬಿಸಕ್ಕಾಗುತ್ತಾ ಅನ್ನೋ ಕೆಲಸ ಕೂಡ ಹಿಂಗೇ ನಾಯಿಗಳಿಂದ ಶುರುವಾಗಿದ್ದು.

ಇದನ್ನ ಓದ್ತಾ ಕೂರಬೇಡಿ. ಹಿಂಗಾಲಿನ ಬೆರಳನ್ನ ಗಟ್ಟಿಯಾಗಿ ಹಿಂಡಿದಾಗ ತಿರುಗಿ ನೋಡುತ್ತಾ, ಕಿರುಚುತ್ತಾ ನೋಡಿ. ಅದೂ ಇಲ್ಲ ಅಂದ್ರೆ ಗಂಟೆಗಳ ಲೆಕ್ಕ. ಚಿಕ್ಕ ಪೆಟ್ಟಿಗೇಲಿ ಅಲುಗಾಡದಂಗೆ ಮಲಗಿಸ್ಕೊಂಡು ಹಾಸನದ ವೆಟರ್ನರಿ ಕಾಲೇಜಿಗೆ ಕರ್ಕೊಂಡೋಗಿ, ಸೋಫಾ ಹತ್ತೋದು ಮೆಟ್ಟಿಲಿಳಿಯೋದು ಎಲ್ಲ ಬಂದ್. ಮನೇಲಿರೋ ನಿಮ್ಮ ನೋವಿನ ಮಾತ್ರೆ ಅರ್ಧ ಮುರಿದು ಹಾಕಬೇಡಿ, ಐಬುಪ್ರೊಫೆನ್ ಥರದ್ದು ನಾಯಿ ಹೊಟ್ಟೇಲಿ ಹುಣ್ಣು ಮಾಡಿ ಕಿಡ್ನಿನೂ ಕೆಡಿಸುತ್ತೆ.